ಹಗ್ಗದವಳು ಕೇಳಿದ ತೂಕ

ಫೆಬ್ರವರಿ ಹನ್ನೊಂದು, ಗುರುವಾರ. ಬೆಳಗ್ಗೆ ಮಂಜಿತ್ತು, ಬಿಸಿಲೇರುವ ಹೊತ್ತಿಗೆ ಕರಗಿತು. ಆಮೇಲೆ ಆಕಾಶ ತಿಳಿಯಾಗಿ, ಗಾಳಿಯಿಲ್ಲದೆ ನಿಂತಿತು.

ಇಂಥ ದಿನಗಳಲ್ಲಿ ಬೆಟ್ಟದ ನೆತ್ತಿ ಬಯಲಿನಿಂದ ಚೆನ್ನಾಗಿ ಕಾಣುತ್ತದೆ. ಯುದ್ಧ ನಡೆಯುತ್ತಿದ್ದಾಗ ಇಂಥ ದಿನವನ್ನು ಊರಿನವರು ಒಳ್ಳೆಯ ದಿನ ಎನ್ನುತ್ತಿರಲಿಲ್ಲ. ಈಗ ಯುದ್ಧ ಮುಗಿದು, ಬಯಲಿನಲ್ಲಿ ಹುಲ್ಲು ಬೆಳೆದು, ಹೆಲಿಕಾಪ್ಟರ್ ಇಳಿಯುತ್ತಿದ್ದ ಜಾಗದಲ್ಲಿ ದನ ಮೇಯುತ್ತಿದ್ದವು. ಬಯಲಿನ ನಡುವಿನ ದೊಡ್ಡ ತಕ್ಕಡಿ ಮಾತ್ರ ಹಾಗೆಯೇ ನಿಂತಿತ್ತು. ಅದರ ನೆರಳಿನಲ್ಲಿ ತೂಕದವನು ಕೂತಿದ್ದ.

ಆ ಊರಿನ ನಿಯಮ ಬೇರೆ ಯಾವ ಊರಿನಲ್ಲೂ ಇರಲಿಲ್ಲ. ಬೆಟ್ಟದ ಮೇಲಿನ ಗಾಳಿ ತೆಳು. ಅದು ಎತ್ತುವಷ್ಟನ್ನೇ ಎತ್ತುತ್ತದೆ, ಒಂದು ಹಿಡಿ ಹೆಚ್ಚು ಎತ್ತುವುದಿಲ್ಲ. ಮೇಲೆ ಗಾಯಗೊಂಡು ಬಿದ್ದ ಸಿಪಾಯಿಯನ್ನು ಕೆಳಗೆ ತರಬೇಕಾದರೆ, ಅವನ ತೂಕದಷ್ಟನ್ನು ಪೈಲಟ್ ಹೊರಡುವ ಮೊದಲು ಬಯಲಿನಲ್ಲಿ ಬಿಟ್ಟು ಹೋಗಬೇಕು. ಬೆಟ್ಟದ ನೆತ್ತಿಯಲ್ಲಿ ಸಿಪಾಯಿಗಳು ಹಿಡಿದ ಕನ್ನಡಿ ಮಿಂಚುತ್ತದೆ. ಆ ಮಿಂಚನ್ನು ಓದಿ ತೂಕದವನು ಒಂದು ತಟ್ಟೆಗೆ ಕಲ್ಲು ಹೇರುತ್ತಾನೆ. ಇನ್ನೊಂದು ತಟ್ಟೆಗೆ ಪೈಲಟ್ ತನ್ನದನ್ನು ಇಡುತ್ತಾನೆ. ಕೋಲು ಸಮವಾದರೆ ಹಾರಬಹುದು. ಸಮವಾಗದಿದ್ದರೆ ಮೇಲಿರುವವನು ಮೇಲೆಯೇ.

ಆ ಊರಿನಲ್ಲಿ ಎಲ್ಲಕ್ಕೂ ತೂಕವಿತ್ತು. ಬೂಟಿಗೆ ಇದ್ದಂತೆ ನಗುವಿಗೂ ಇತ್ತು. ಇಟ್ಟವನು ಇಟ್ಟದ್ದನ್ನು ಮತ್ತೆ ಎತ್ತಿಕೊಳ್ಳುವಂತಿಲ್ಲ. ಬೇರೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಎತ್ತಿಕೊಂಡವರು ಇನ್ನೊಬ್ಬರಿಗೆ ಕೊಡಲೂಬಹುದು. ಕೈಗೆ ಸಿಗುವಂಥದ್ದನ್ನು ಕೈಯಿಂದ ಕೊಡಬೇಕು, ಕೈಗೆ ಸಿಗದಂಥದ್ದನ್ನು ಬಾಯಿಂದ ಹೇಳಿ ಕೊಡಬೇಕು. ಹೇಳಿ ಕೊಟ್ಟ ಮೇಲೆ ಅದು ಹೇಳಿದವನಲ್ಲಿ ಉಳಿಯುವುದಿಲ್ಲ.

ತೂಕದವನ ಬಳಿ ಅಂಥದ್ದೊಂದು ಇತ್ತು. ಪೈಲಟ್ ಕೊನೆಯ ಸಲ ತಕ್ಕಡಿಯಲ್ಲಿ ಇಟ್ಟದ್ದು. ಅಂದಿನಿಂದ ಅದನ್ನು ತೂಕದವನೇ ಹೊತ್ತುಕೊಂಡಿದ್ದ. ಮದುವೆಯಾಗದೆ ಮುದುಕನಾದ ಮನುಷ್ಯ. ಬದುಕಿನಲ್ಲಿ ಅವನಿಗೆ ಸಿಕ್ಕಿದ ಪ್ರೀತಿ ಅದೊಂದೇ. ಅದೂ ಬೇರೆಯವರದು.

ಹೆಗಲ ಮೇಲೆ ನಾರಿನ ಹೊರೆ ಹೊತ್ತುಕೊಂಡು ಹಗ್ಗದವಳು ಬಯಲು ದಾಟಿ ಬಂದಳು. ಊರಿಗೆಲ್ಲ ಹಗ್ಗ ಹೊಸೆದು ಕೊಡುವವಳು ಅವಳೇ. ಹೆಲಿಕಾಪ್ಟರಿನಿಂದ ಗಾಯಾಳುಗಳನ್ನು ಇಳಿಸುತ್ತಿದ್ದದ್ದೂ ಅವಳು ಹೊಸೆದ ಹಗ್ಗದಿಂದಲೇ.

"ಏನಜ್ಜಾ, ನಿದ್ದೆಯೋ ಧ್ಯಾನವೋ?"

"ಎರಡೂ ಅಲ್ಲ. ನೀನು ಬರೋದು ಕಾಣಿಸ್ತು, ಕಣ್ಣು ಮುಚ್ಚಿಕೊಂಡೆ."

"ಯಾಕೆ, ನಾನೇನು ಹುಲಿಯಾ?"

"ಹುಲಿಯಾಗಿದ್ರೆ ಓಡಬಹುದಿತ್ತು."

ಅವಳು ಹೊರೆ ಇಳಿಸಿ ಅದರ ಮೇಲೆಯೇ ಕೂತಳು. "ನಾಳೆ ಕಲ್ಲು ನಿಲ್ಲಿಸ್ತಾರಂತೆ. ಆ ಪೈಲಟನ ಹೆಸರಿನ ಕಲ್ಲು. ಮೂವರು ಹಿರಿಯರು ಬಂದು ಹಗ್ಗ ಹೊಸಿ ಅಂದ್ರು. ಕಲ್ಲಿನ ತೂಕ ಎಷ್ಟು ಅಂದೆ. ಮೂವರೂ ಬೆಟ್ಟ ನೋಡಿದ್ರು. ತೂಕ ಗೊತ್ತಿಲ್ಲದೆ ನಾನು ಎಷ್ಟು ಎಳೆ ಹಾಕಲಿ? ಅರ್ಧಕ್ಕೆ ಎತ್ತಿದಾಗ ಹಗ್ಗ ಹರಿದು ಅವರ ಕಾಲ ಮೇಲೇ ಬೀಳಲಿ ಅಂತಲಾ?"

"ಬೀಳಲಿ ಬಿಡು. ಕಾಲು ಇದ್ದೂ ಅವರು ಎಲ್ಲಿಗೆ ಹೋಗೋದಿದೆ."

"ತಮಾಷೆ ಅಲ್ಲ ಅಜ್ಜಾ. ಈ ಊರಿನವರಿಗೆ ಏನಾಗಿದೆ? ಪೈಲಟ್ ಅಂದ ಕೂಡಲೇ ಎಲ್ಲರ ಕತ್ತೂ ಬೆಟ್ಟದ ಕಡೆಗೆ ತಿರುಗುತ್ತೆ. ಬಾವಿಕಟ್ಟೆಯಲ್ಲಿ ಕೇಳಿದರೂ ಅದೇ, ಅಂಗಡಿಯಲ್ಲಿ ಕೇಳಿದರೂ ಅದೇ. ಈಗ ನೋಡು, ನೀನೂ ತಿರುಗಿಸಿದೆ."

ತೂಕದವನು ಕತ್ತನ್ನು ಈಚೆಗೆ ತಂದ.

ಹೀಗೆ ಕತ್ತು ತಿರುಗಿಸುವುದು ಬೆಟ್ಟ ಮಾಡಿದ ನಿಯಮವಲ್ಲ, ಊರಿನವರೇ ತಮ್ಮತಮ್ಮಲ್ಲಿ ಮಾಡಿಕೊಂಡದ್ದು. ಹಗ್ಗದವಳು ಆ ಪೈಲಟನ ಹೆಂಡತಿ. ಅದು ಊರಿಗೆಲ್ಲ ಗೊತ್ತಿತ್ತು, ಅವಳೊಬ್ಬಳಿಗೆ ಗೊತ್ತಿರಲಿಲ್ಲ. ತಾನು ಮೊದಲಿನಿಂದಲೂ ಒಬ್ಬಳೇ ಎಂದು ಅವಳು ತಿಳಿದಿದ್ದಳು. ಅವಳ ಅಡುಗೆಮನೆಯಲ್ಲಿ ಎರಡು ಮಣೆಗಳಿದ್ದವು, ಒಂದು ನೆಂಟರಿಗೆ ಎಂದುಕೊಂಡಿದ್ದಳು. ನೆಂಟರು ಯಾರೂ ಬಂದಿರಲಿಲ್ಲ. ಆದರೂ ದಿನವೂ ಎರಡನ್ನೂ ಒರೆಸಿಡುತ್ತಿದ್ದಳು.

'ಅವಳಾಗಿ ಕೇಳಿದರೆ ಹೇಳಿ ಅಜ್ಜಾ. ಕೇಳದಿದ್ದರೆ ಬೇಡ' ಎಂದು ಪೈಲಟ್ ಹೇಳಿ ಹೋಗಿದ್ದ. ಕೇಳುವ ದಿನ ಬಾರದಿರಲಿ ಎಂದು ತೂಕದವನು ಕಾಯುತ್ತ ಬಂದಿದ್ದ. ಅವಳಿಗಾಗಿಯೂ, ತನಗಾಗಿಯೂ. ಹೇಳಿದರೆ ಅವಳ ಪಾಲಿಗೆ ಅಳು ಬರುತ್ತದೆ, ತನ್ನ ಪಾಲಿಗೆ ಏನೂ ಉಳಿಯುವುದಿಲ್ಲ.

ಅಷ್ಟರಲ್ಲಿ ಟೀ ಅಂಗಡಿಯವನು ಕೆಟಲು ಹಿಡಿದು ಬಂದ. ಯುದ್ಧಕ್ಕೆ ಮೊದಲು ಅವನ ಮುಖ ನೋಡಿದರೆ ಹಾಲು ಒಡೆಯುತ್ತದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಈಗ ಅವನು ನಗುತ್ತಿದ್ದ. ಎಲ್ಲಿ ನಗಬೇಕು, ಎಲ್ಲಿ ನಗಬಾರದು ಎಂದು ಮಾತ್ರ ಇನ್ನೂ ತಿಳಿದಿರಲಿಲ್ಲ, ಸಾವಿನ ಮನೆಯಲ್ಲಿಯೂ ನಕ್ಕು ಬೈಸಿಕೊಂಡಿದ್ದ.

"ಏನಕ್ಕಾ, ನಾಳೆ ನಿನ್ನ ಹಗ್ಗ ಗಟ್ಟಿಯೋ ಹಿರಿಯರ ಸೊಂಟ ಗಟ್ಟಿಯೋ?" ಎಂದು ಲೋಟಕ್ಕೆ ಟೀ ಸುರಿಯುತ್ತ ನಕ್ಕ.

ಮೊದಲು ಗಂಟಲಿನಲ್ಲಿ ಹೊರಳಿ, ಆಮೇಲೆ ಒಮ್ಮೆಲೇ ಬಾಯಿ ತೆರೆದು, ಕೊನೆಗೆ ಉಸಿರು ಸಿಕ್ಕಿಕೊಂಡಂತೆ ನಿಲ್ಲುವ ನಗು. ಹಗ್ಗದವಳ ಕೈ ಗಾಳಿಯಲ್ಲಿ ನಿಂತಿತು. ಲೋಟ ವಾಲಿ ಟೀ ಹುಲ್ಲಿಗೆ ಚೆಲ್ಲಿತು. ಅವಳಿಗೆ ಅದು ಗೊತ್ತಾಗಲಿಲ್ಲ.

"ಈ ನಗು ನಿನಗೆ ಒಪ್ಪಲ್ಲ ಕಣಣ್ಣಾ" ಎಂದಳು. "ಬೇರೆಯವರ ಅಂಗಿ ಹಾಕ್ಕೊಂಡ ಹಾಗಿದೆ. ತೋಳು ಉದ್ದ ಆಗಿದೆ ನಿನಗೆ."

ಟೀ ಅಂಗಡಿಯವನು ಬೆಟ್ಟ ನೋಡಿದ. ಕೆಟಲು ಎತ್ತಿಕೊಂಡು ಹೋದ.

ಹಗ್ಗದವಳು ಅವನು ಹೋದ ದಾರಿಯನ್ನೇ ನೋಡುತ್ತಿದ್ದಳು. "ಅಜ್ಜಾ, ಕಲ್ಲಿನ ತೂಕ ಆಮೇಲೆ ಹೇಳು. ಆ ಪೈಲಟನದು ಹೇಳು. ಈ ತಕ್ಕಡಿಯಲ್ಲಿ ಏನೇನು ಇಟ್ಟ ಆತ?"

ಕೇಳಿಬಿಟ್ಟಳು. ತೂಕದವನು ಎದ್ದು ತಕ್ಕಡಿಯ ಕೋಲನ್ನು ಮುಟ್ಟಿದ. ಬಿಸಿಲಿಗೆ ಅದು ಕಾದಿತ್ತು. ಮತ್ತೆ ಬಂದು ಕೂತ. ಎಲ್ಲರಿಗೂ ಗೊತ್ತಿದ್ದದ್ದನ್ನು ಮೊದಲು ಹೇಳಿದ. ಅದನ್ನು ಹೇಳಿದರೆ ಕಳೆದುಹೋಗುವುದಿಲ್ಲ.

"ಮೊದಲು ಹೆಲಿಕಾಪ್ಟರಿನ ಬಾಗಿಲು ಕಳಚಿ ಇಟ್ಟ. ಕೋಲು ಸಮವಾಯಿತು. ಹಾರಿದ, ಒಬ್ಬನನ್ನ ತಂದ. ಮತ್ತೆ ಕನ್ನಡಿ ಮಿಂಚಿತು. ಹಿಂದಿನ ಸೀಟು ಕಳಚಿ ಇಟ್ಟ. ಹಾರಿದ, ತಂದ. ಬೂಟು ಇಟ್ಟ, ಬರಿಗಾಲಲ್ಲಿ ಹಾರಿದ. ಹಿಂತಿರುಗೋಕೆ ಸಾಕಾಗುವಷ್ಟು ಎಣ್ಣೆ ಇಟ್ಟುಕೊಂಡು ಮಿಕ್ಕಿದ್ದನ್ನ ಬಸಿದು ಇಟ್ಟ. ಹಾರಿದ, ತಂದ. ಆಮೇಲೆ ಯಂತ್ರದಲ್ಲಿ ಕಳಚೋಕೆ ಏನೂ ಉಳಿಯಲಿಲ್ಲ. ಕನ್ನಡಿ ಮಾತ್ರ ಮಿಂಚ್ತಾನೇ ಇತ್ತು."

"ಆಮೇಲೆ?"

"ಆಮೇಲೆ ಹೆದರಿಕೆ ಇಟ್ಟ. ಮೊದಲಿನಿಂದಲೂ ಅದನ್ನ ಇಡಬೇಕು ಅಂತ ಅವನಿಗೆ ಬಹಳ ಆಸೆಯಿತ್ತು. ಕೋಲು ಅಲ್ಲಾಡಲೇ ಇಲ್ಲ. ಅದಕ್ಕೆ ತೂಕವೇ ಇರಲಿಲ್ಲ ನೋಡು. 'ಥತ್, ಇಷ್ಟು ದಿನ ಇದೇ ಭಾರ ಅಂದ್ಕೊಂಡಿದ್ದೆನಲ್ಲ ಅಜ್ಜಾ' ಅಂದು ಅದನ್ನ ಎತ್ತಿ ಜೇಬಿಗೆ ಹಾಕ್ಕೊಂಡ. ಪ್ರತಿ ಸಲವೂ ಅದು ಅವನ ಜೊತೆಗೇ ಹಾರಿತು. ತೂಗದೇ ಇದ್ದದ್ದನ್ನ ಇಟ್ಟ ಲೆಕ್ಕವಲ್ಲ, ಅದಕ್ಕೇ ಎತ್ತಿಕೊಳ್ಳೋಕಾಯಿತು."

"ಪಾಪ."

"ನಗು ಇಟ್ಟ. ಅದಕ್ಕೆ ತೂಕವಿತ್ತು, ಅಬ್ಬಾ. ಆ ದಿನ ಇಬ್ಬರನ್ನ ತಂದ. ನಿದ್ದೆ ಇಟ್ಟ. ಅದನ್ನ ಒಬ್ಬ ಬಾಣಂತಿ ಎತ್ತಿಕೊಂಡು ಹೋಗಿ ರಚ್ಚೆ ಹಿಡಿದಿದ್ದ ಮಗುವಿಗೆ ಹೊದಿಸಿದಳು. ಹಸಿವು ಇಟ್ಟ. ಅದನ್ನ ಯಾರೂ ಎತ್ತಿಕೊಳ್ಳಲಿಲ್ಲ, ಊರಲ್ಲಿ ಅದು ಬೇಕಾದಷ್ಟಿತ್ತು. ಇಟ್ಟ, ಹಾರಿದ, ತಂದ. ಚಿಕ್ಕಂದಿನಲ್ಲಿ ಈಜು ಕಲಿತದ್ದು ಇಟ್ಟ. ಅವರಮ್ಮನ ದನಿ ಇಟ್ಟ. ಇಟ್ಟ, ಹಾರಿದ, ತಂದ."

ಹಗ್ಗದವಳು ಹೊರೆಯಿಂದ ಒಂದು ಹಿಡಿ ನಾರು ಎಳೆದು, ತನಗೆ ಅರಿವಿಲ್ಲದೆಯೇ ತೊಡೆಯ ಮೇಲೆ ಹೊಸೆಯತೊಡಗಿದ್ದಳು. "ಅವನಿಗೆ ಹೆಂಡತಿ ಅಂತ ಯಾರೂ ಇರಲಿಲ್ವಾ? ಇದ್ದಿದ್ರೆ ಬಂದು ಜುಟ್ಟು ಹಿಡಿದು ಎಳೆದುಕೊಂಡು ಹೋಗ್ತಿದ್ದಳು."

"ಇದ್ದಳು."

"ಮತ್ತೆ? ಸುಮ್ಮನೆ ನೋಡ್ತಾ ಇದ್ದಳಾ ಮಹಾತಾಯಿ?"

"ಒಂದು ದಿನ ಬಂದಳು. ಈ ಕೋಲು ಹಿಡಿದು ನಿಂತಳು. ಕಣ್ಣಲ್ಲಿ ನೀರಿಲ್ಲ, ಬರೀ ಕೋಪ. 'ಏನು ಬೇಕಾದರೂ ಇಡಿ. ನನ್ನನ್ನ ಮಾತ್ರ ಈ ತಟ್ಟೆಗೆ ಇಡಬೇಡಿ. ನನ್ನ ಮರೆತು ಮನೆಗೆ ಬಂದರೆ ಬಾಗಿಲು ತೆಗೆಯಲ್ಲ' ಅಂದಳು. ಅವನು ಕೋಲು ಮುಟ್ಟಿ ಮಾತು ಕೊಟ್ಟ."

"ಹಾಗಾದರೆ ಗಟ್ಟಿಗಿತ್ತಿ" ಎಂದಳು ಹಗ್ಗದವಳು. "ಈಗೆಲ್ಲಿದ್ದಾಳೆ ಆಕೆ? ನಾಳೆ ಕಲ್ಲಿಗೆ ಮೊದಲು ಕೈ ಮುಟ್ಟಿಸಬೇಕಾದವಳು ಅವಳಲ್ವಾ?"

ತೂಕದವನು ತಕ್ಕಡಿಯ ಕಡೆ ನೋಡಿದ. ಇಲ್ಲಿಯವರೆಗಿನದು ತಾನು ಕಣ್ಣಾರೆ ನೋಡಿದ್ದು. ಇನ್ನು ಮುಂದಿನದು ತಾನು ಹೊತ್ತದ್ದು. ಹೇಳಿದಷ್ಟೂ ಹೋಗುತ್ತದೆ. ಪ್ರತಿ ಸಂಜೆ ಅವನು ಬಾಗಿಲ ಕಡೆ ಮುಖ ಮಾಡಿ ಕೂರುತ್ತಿದ್ದ. ತಾನು ಎಂದೂ ಕಾಲಿಡದ ಮನೆಯ ಬಾಗಿಲು, ತನ್ನದಲ್ಲದ ಒಲೆ, ತನ್ನನ್ನಲ್ಲ, ಬೇರೆಯವಳನ್ನು ಕರೆಯುತ್ತಿದ್ದ ದನಿ. ಅಷ್ಟು ಸಾಕಾಗಿತ್ತು ಅವನಿಗೆ. ಊರಿನ ಬೇರೆ ಮುದುಕರಿಗೆ ಅಷ್ಟೂ ಇರಲಿಲ್ಲ.

"ಅವನು ಮನೆಗೆ ಬಂದರೆ ಒಳಗೆ ಕಾಲಿಡೋ ಮೊದಲು ಬಾಗಿಲಿನ ಚೌಕಟ್ಟಿಗೆ ತಟ್ಟುತ್ತಿದ್ದ" ಎಂದು ಹೇಳಿದ. ಹೇಳುತ್ತಲೇ ಆ ಸದ್ದು ಅವನ ಕಿವಿಯಿಂದ ಹೋಯಿತು.

"ಎರಡು ಬೆರಳಿನಿಂದ" ಎಂದಳು ಹಗ್ಗದವಳು.

ಹೊಸೆಯುತ್ತಿದ್ದ ಕೈ ನಿಂತಿತು. ತಾನು ಆಡಿದ ಮಾತನ್ನು ಬೇರೆ ಯಾರೋ ಆಡಿದರೆಂಬಂತೆ ಅತ್ತಿತ್ತ ನೋಡಿದಳು.

"ಕೈ ತೊಳೆಯೋ ಮೊದಲೇ ಪಾತ್ರೆಗಳ ಮುಚ್ಚಳ ತೆಗೆದು ನೋಡುತ್ತಿದ್ದ."

"ಬೈಸಿಕೊಳ್ಳೋದಕ್ಕೆ" ಎಂದಳು ನಿಧಾನವಾಗಿ. "ಬೈಯದಿದ್ದರೆ ಇನ್ನೊಂದರ ಮುಚ್ಚಳ ತೆಗೀತಿದ್ದ. ಹಸಿವು ಇಟ್ಟು ಬಂದ ಮೇಲೂ ತೆಗೀತಿದ್ದ. ಊಟಕ್ಕಲ್ಲ ಅದು..." ಅವಳ ದನಿ ಕೆಳಗಿಳಿಯಿತು. "ಅಜ್ಜಾ, ಇದು ನನಗೆ ಹೇಗೆ ಗೊತ್ತು?"

ತೂಕದವನು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಮತ್ತೆ ಶುರುಮಾಡುವ ಧೈರ್ಯ ಬರುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಪೈಲಟನ ಅಂಗಿಯ ಕಂಕುಳಲ್ಲಿ ಎಣ್ಣೆಯ ವಾಸನೆ ಇರುತ್ತಿದ್ದದ್ದು ಹೇಳಿದ. ವಾಸನೆ ಹೋಯಿತು. ಅವಳು ಹೊಸೆದ ಹಗ್ಗಕ್ಕೆ ಅವನು ಜೋತುಬಿದ್ದು 'ಇದು ನನ್ನ ಭಾರ ತಡೆದರೆ ಯುದ್ಧವನ್ನೇ ತಡೆಯುತ್ತದೆ' ಎನ್ನುತ್ತಿದ್ದದ್ದು ಹೇಳಿದ. ದನಿ ಹೋಯಿತು. ಮಳೆ ಬಂದ ರಾತ್ರಿ ಹೊದಿಕೆಯನ್ನು ಪೂರ್ತಿ ಎಳೆದುಕೊಂಡು, ಬೆಳಗ್ಗೆ ತಾನಲ್ಲವೆಂದು ವಾದಿಸುತ್ತಿದ್ದದ್ದು ಹೇಳಿದ. ಹೊದಿಕೆಯ ಬಿಸಿ ಹೋಯಿತು. ಒಂದೊಂದು ಹೇಳಿದಾಗಲೂ ಅವನೊಳಗೆ ಒಂದೊಂದು ದೀಪ ಆರಿತು, ಎದುರಿಗೆ ಕೂತವಳ ಮುಖದಲ್ಲಿ ಒಂದೊಂದು ಹೊತ್ತಿಕೊಂಡಿತು.

ಕೊನೆಗೆ ಒಂದೇ ಒಂದು ಉಳಿಯಿತು. ನಿದ್ದೆಯನ್ನು ಇಡುವ ಮೊದಲು, ಅವನು ನಿದ್ದೆ ಹೋದಾಗ ಇರುತ್ತಿದ್ದ ಮುಖ. ಒಬ್ಬಳೇ ಒಬ್ಬಳು ನೋಡಿದ್ದ ಮುಖ. ಇದೊಂದನ್ನು ಇಟ್ಟುಕೊಳ್ಳಲೇ ಎಂದು ತೂಕದವನು ಯೋಚಿಸಿದ. ಅವಳಿಗೆ ಅಷ್ಟೆಲ್ಲ ಕೊಟ್ಟೆನಲ್ಲ. ಇಷ್ಟನ್ನು ಇಟ್ಟುಕೊಂಡರೆ ಕಂಡವರು ಯಾರು? ಆದರೆ ಅವಳು ಎರಡೂ ಕೈಯಿಂದ ನಾರನ್ನು ಹಿಡಿದು ಅವನ ಬಾಯನ್ನೇ ನೋಡುತ್ತಿದ್ದಳು, ಬಾವಿಯಿಂದ ಕೊಡ ಮೇಲೆ ಬರುವುದನ್ನು ನೋಡುವಂತೆ.

"ಮಲಗಿದಾಗ ಅವನ ಬಾಯಿ ಒಂದಿಷ್ಟು ತೆರೆದಿರುತ್ತಿತ್ತು" ಎಂದ. "ಏನೋ ಕೇಳಬೇಕು ಅಂದುಕೊಂಡು ಮರೆತ ಮಗುವಿನ ಹಾಗೆ."

ಅಷ್ಟೆ. ತೂಕದವನೊಳಗೆ ಈಗ ಬರೀ ಬಯಲು. ಪೈಲಟ್ ಎಂದರೆ ಊರಿನವರಿಗೆಲ್ಲ ಗೊತ್ತಿದ್ದಂತೆ ತಕ್ಕಡಿಯ ಮುಂದೆ ಬಂದು ನಿಲ್ಲುತ್ತಿದ್ದ, ಬರಿಗಾಲಿನ ಒಬ್ಬ ಮನುಷ್ಯ. ಸಂಜೆ ಇನ್ನು ಯಾರಿಗಾಗಿಯೂ ಬಾಗಿಲು ನೋಡಬೇಕಾಗಿಲ್ಲ.

ಹಗ್ಗದವಳ ಬಾಯಿ ಒಮ್ಮೆ ಯಾವುದೋ ಹೆಸರಿಗಾಗಿ ತೆರೆದು, ಹೇಳದೆ ಮುಚ್ಚಿತು.

"ಆ ಕೊನೆಯ ದಿನದ್ದು ಹೇಳು" ಎಂದಳು. "ಮಾತು ಕೊಟ್ಟಿದ್ದರು. ನನಗೆ ಕೊಟ್ಟಿದ್ದರು. ಕೋಲು ಮುಟ್ಟಿ."

"ಆ ದಿನ ಕನ್ನಡಿ ಬಿಡದೆ ಮಿಂಚಿತು. ಮೇಲೆ ಉಳಿದವರೆಲ್ಲ ಬಿದ್ದಿದ್ದರು. ಕಲ್ಲು ಹೇರಿದೆ, ಹೇರಿದೆ, ತಟ್ಟೆ ನೆಲ ಮುಟ್ಟಿತು. ಅವನ ಹತ್ತಿರ ಇಡೋಕೆ ಏನೂ ಇರಲಿಲ್ಲ. ನೋಡಿದರೆ ಗಾಳಿಗೆ ಹಾರಿ ಹೋಗ್ತಾನೇನೋ ಅನ್ನೋ ಹಾಗಿದ್ದ. 'ಇವತ್ತು ಆಗಲ್ಲಪ್ಪ, ಮನೆಗೆ ಹೋಗು' ಅಂದೆ. 'ಕನ್ನಡಿ ಇನ್ನೂ ಮಿಂಚ್ತಾ ಇದೆಯಲ್ಲ ಅಜ್ಜಾ' ಅಂದ. ಒಂದಿಷ್ಟು ಹೊತ್ತು ಊರಿನ ಕಡೆ ನೋಡಿದ. ನಿಮ್ಮ ಮನೆಯ ಹೊಗೆ ಕಾಣ್ತಿತ್ತು ಇಲ್ಲಿಂದ. ಆಮೇಲೆ ಇಟ್ಟ. ಹಾರಿದ. ಮೇಲೆ ಗುಂಡು ತಗುಲಿತು, ಯಂತ್ರಕ್ಕೆ ಬೆಂಕಿ ಹತ್ತಿತ್ತು. ಆದರೂ ಎಲ್ಲರನ್ನೂ ತಂದ."

"ಅದು ಗೊತ್ತು. ಕೆಳಗೆ ಇಳಿಸೋಕೆ ಆಗಲಿಲ್ಲ. ಇಲ್ಲೇ ಮೇಲೆ ನಿಲ್ಲಿಸಿಕೊಂಡು, ಒಬ್ಬೊಬ್ಬರನ್ನೇ ಹಗ್ಗದಲ್ಲಿ ಬಿಟ್ಟರು. ಗಂಟು ಬಿಚ್ಚಿದವಳು ನಾನು. ಕೈ ಒಂದು ಚೂರೂ ನಡುಗಲಿಲ್ಲ ನನಗೆ. ಎಲ್ಲರೂ ಹೊಗಳಿದರು." ಅವಳು ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡಳು. "ಕೊನೆಯ ಗಂಟು ಬಿಚ್ಚಿದ ಮೇಲೆ, ಮನೆಗಳ ಮೇಲೆ ಬೀಳಬಾರದು ಅಂತ ಆ ಉರಿಯೋ ಯಂತ್ರವನ್ನ ಒಣಗಿದ ಕೆರೆಯ ಕಡೆ ತಿರುಗಿಸಿಕೊಂಡು ಹೋದರು. ನಾನು ಹಗ್ಗ ಸುತ್ತಿಟ್ಟುಕೊಂಡು ಮನೆಗೆ ಹೋಗಿ ಊಟ ಮಾಡಿದೆ. ಊಟ ಮಾಡಿದೆನಲ್ಲ ಅಜ್ಜಾ."

ದನವೊಂದು ಬಂದು ತಕ್ಕಡಿಯ ಕಂಬಕ್ಕೆ ಕತ್ತು ಉಜ್ಜಿಕೊಂಡು ಹೋಯಿತು.

"ಹೇಳು. ಕೊನೆಗೆ ಏನು ಇಟ್ಟರು?"

"ಕೊಟ್ಟ ಮಾತು ಮುರಿಯಲಿಲ್ಲ ತಾಯಿ" ಎಂದ ತೂಕದವನು. "ತನ್ನೊಳಗಿದ್ದ ನಿನ್ನನ್ನ ಇಡಲಿಲ್ಲ, ಹೊತ್ತುಕೊಂಡೇ ಹೋದ. ನಿನ್ನೊಳಗಿದ್ದ ತನ್ನನ್ನ ಇಟ್ಟ. ನೀನು ಅವನನ್ನ ಇಟ್ಟುಕೊಂಡಿದ್ದೆಯಲ್ಲ, ಅಷ್ಟನ್ನೂ. 'ಇದು ನಿನ್ನದಲ್ಲವಲ್ಲಪ್ಪ' ಅಂದೆ ನಾನು. ತಕ್ಕಡಿ ಯಾರದು ಅಂತ ಕೇಳಲಿಲ್ಲ. ಕೋಲು ಸಮವಾಯಿತು."

ಹಗ್ಗದವಳು ಎದ್ದು ನಿಂತಳು. ಮತ್ತೆ ಕೂತಳು.

"ನನ್ನದಾಗಿತ್ತು ಅದು" ಎಂದಳು. "ನನ್ನನ್ನ ಒಂದು ಮಾತು ಕೇಳಬೇಕಿತ್ತು. ಕೇಳಿದ್ದರೆ ಕೊಡ್ತಿದ್ದೆನೋ ಇಲ್ಲವೋ ಗೊತ್ತಿಲ್ಲ. ಕೇಳಬೇಕಿತ್ತು."

ಆಮೇಲೆ ತಲೆಯೆತ್ತಿ ಬಯಲಿನ ಮೇಲಿನ ಖಾಲಿ ಆಕಾಶದಲ್ಲಿ ಒಂದು ಜಾಗವನ್ನು ನೋಡಿದಳು. ಅದೇ ಜಾಗ. ತೂಕದವನಿಗೂ ನೆನಪಿತ್ತು.

"ಬಾಗಿಲಿರಲಿಲ್ಲ ಆ ಯಂತ್ರಕ್ಕೆ. ಪೂರ್ತಿ ಕಾಣ್ತಿದ್ದರು. ಹಿಂದೆ ಬೆಂಕಿ. ನಾನು ಗಂಟು ಬಿಚ್ಚುವಷ್ಟು ಹೊತ್ತೂ ಕಣ್ಣು ತೆಗೆಯದೆ ನನ್ನನ್ನೇ ನೋಡ್ತಿದ್ದರು. ನಾನೂ ತಲೆಯೆತ್ತಿ ನೋಡಿದೆ." ಅವಳ ದನಿ ಅಳುತ್ತಿರಲಿಲ್ಲ, ಬರೀ ಹೇಳುತ್ತಿತ್ತು. "ನೋಡಿ, ಪಕ್ಕದಲ್ಲಿದ್ದವನನ್ನ ಕೇಳಿದೆ ಅಜ್ಜಾ. 'ಯಾರಪ್ಪ ಆತ, ನನ್ನನ್ನೇ ಹಾಗೆ ನೋಡ್ತಿದ್ದಾನೆ?' ಅಂತ. ಆ ಸದ್ದಿನಲ್ಲಿ ಕೂಗಿಯೇ ಕೇಳಬೇಕಿತ್ತು. ಕೂಗಿ ಕೇಳಿದೆ."